ಗುಲಗಂಜಿ ತೂಕವೂ ಇಲ್ಲದ ಹೆಸರು

ಕೋಲಾರ ಅಂದರೆ ಚಿನ್ನ. ಈಗೀಗ ಟೊಮೇಟೊ ಅನ್ನುವವರೂ ಉಂಟು. ಆದರೆ ಊರಿನ ಹೆಸರನ್ನೇ ಹೊತ್ತ ಖನಿಜವೊಂದಿದೆ, ಕೋಲಾರೈಟ್. ತಮಾಷೆಯೆಂದರೆ ಅದರ ಸೂತ್ರದಲ್ಲಿ ಚಿನ್ನವೇ ಇಲ್ಲ. ಒಂದು ಸೀಸ, ಒಂದು ಟೆಲ್ಯೂರಿಯಂ (ಅಪರೂಪದ ಒಂದು ಧಾತು), ಎರಡು ಕ್ಲೋರಿನ್, ಮುಗಿಯಿತು. ನೂರು ಗ್ರಾಂ ಸಿಕ್ಕಿತೆಂದುಕೊಳ್ಳಿ (ಸಿಗುವುದಿಲ್ಲ, ಬಿಡಿ): ಸೀಸವೇ 51 ಗ್ರಾಂ, ಟೆಲ್ಯೂರಿಯಂ ಸುಮಾರು 31.5, ಉಳಿದ ಹದಿನೇಳೂವರೆ ಕ್ಲೋರಿನ್. ಉಪ್ಪಿನ ಡಬ್ಬಿಯಲ್ಲಿ ಸೋಡಿಯಂ ಜೊತೆ ಕೂತಿರುವುದೂ ಇದೇ ಕ್ಲೋರಿನ್.

ಚಿನ್ನದ ಅದಿರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿದ್ದ ಇದನ್ನು ರಷ್ಯದ ಮತ್ತು ಭಾರತದ ವಿಜ್ಞಾನಿಗಳು ಸೇರಿ 1985ರಲ್ಲಿ ಲೋಕಕ್ಕೆ ತಿಳಿಸಿದರು. ಜೊತೆಗೊಂದು ಅವಳಿಯೂ ಹುಟ್ಟಿತು: ರಾಧಾಕೃಷ್ಣೈಟ್. ಅದರಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಯೂರಿಯಂ, ಕ್ಲೋರಿನ್ ಜೊತೆಗೆ ಸ್ವಲ್ಪ ಗಂಧಕ. ಹೆಸರು ಬಂದದ್ದು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರಿಂದ.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದರೆ ನಾಮಕರಣ ಆಯಿತು. ಖನಿಜದ ನಾಮಕರಣ ಅಷ್ಟು ಸುಲಭವಲ್ಲ. ಅದಿರಿನ ಚೂರನ್ನು ಎಪಾಕ್ಸಿ ಅಂಟಿನಲ್ಲಿ ಹುದುಗಿಸಿ, ವಜ್ರದ ಪುಡಿಯ ಪೇಸ್ಟಿನಿಂದ, ಪುಡಿಯ ಕಣವನ್ನು 6, 3, ಕೊನೆಗೆ 1 ಮೈಕ್ರಾನ್‌ವರೆಗೆ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣದಾಗಿಸುತ್ತ ಉಜ್ಜಬೇಕು. ಟೆಲ್ಯೂರಿಯಂ ಸೇರಿದ ಮೆತ್ತನೆಯ ಖನಿಜ ಬೇಗ ಸವೆದು ತಗ್ಗಾಗುತ್ತದೆ, ಪಕ್ಕದ ಗಟ್ಟಿ ಖನಿಜ ದಿಣ್ಣೆಯಾಗಿ ನಿಲ್ಲುತ್ತದೆ. ಅವಸರ ಮಾಡಿದರೆ ಗೀರು. ಆಮೇಲೆ ಮೇಲೆ ತೆಳುವಾಗಿ ಇಂಗಾಲ ಬಳಿದು ಮೈಕ್ರೋಪ್ರೋಬ್ ಎಂಬ ಯಂತ್ರದಲ್ಲಿಟ್ಟರೆ, ಇಲೆಕ್ಟ್ರಾನ್ ಕಿರಣ ತಾಗಿದ ಪ್ರತಿ ಧಾತುವೂ ತನ್ನದೇ ಕ್ಷ-ಕಿರಣ ಸೂಸಿ ಗುರುತು ಕೊಡುತ್ತದೆ.

ಮೋಸ ನಡೆಯುವುದು ಇಲ್ಲೇ. ಸೀಸದ ಒಂದು ಕ್ಷ-ಕಿರಣ ಗೆರೆಯೂ ಗಂಧಕದ ಗೆರೆಯೂ ಒಂದರ ಮೇಲೊಂದು ಕೂರುವಷ್ಟು ಹತ್ತಿರ, ಎರಡರ ಶಕ್ತಿಯೂ 2.3 ಕಿಲೋ ಇಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ. ಸಾಧಾರಣ ಪತ್ತೆಯಂತ್ರಕ್ಕೆ ಎರಡೂ ಒಂದೇ. ಅದಕ್ಕಿಂತ ಕಿಲಾಡಿ ಆ ಅಂಟು: ಎಪಾಕ್ಸಿಯಲ್ಲೂ ಕ್ಲೋರಿನ್ ಇರುತ್ತದೆ! ಕಣದಲ್ಲೊಂದು ಗುಳಿಯಿದ್ದು ಅಂಟು ಅದರೊಳಗೆ ಇಳಿದಿದ್ದರೆ, ಅಂಟಿನ ಕ್ಲೋರಿನ್ನೇ ಖನಿಜದ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಣ ತೀರ ಸಣ್ಣದಾದರೆ ಪಕ್ಕದವರ ಮನೆಯ ಲೆಕ್ಕವೂ ಬೆರೆಯುತ್ತದೆ. ಆದ್ದರಿಂದ ಹಲವು ಕಣಗಳಲ್ಲಿ, ಹಲವು ಕಡೆ ಅಳೆದು, ಎಲ್ಲ ಧಾತುಗಳ ಪಾಲು ಸೇರಿ ಶೇಕಡಾ ನೂರರ ಹತ್ತಿರ ಬರುವುದೇ ಎಂದು ನೋಡಬೇಕು. ನೂರಾಯಿತೆಂದರೂ ಸಾಲದು, ಪರಮಾಣುಗಳ ಜೋಡಣೆಯೂ ತಿಳಿಯಬೇಕು.

ಇಷ್ಟಾದ ಮೇಲೆ ಕಡತ ಅಂತರರಾಷ್ಟ್ರೀಯ ಸಮಿತಿಯ ಮುಂದೆ ಹೋಗಿ, ಸದಸ್ಯರು ಮತ ಹಾಕಿ ಒಪ್ಪಬೇಕು. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವಂತಿಲ್ಲ. ಬದುಕಿರುವವರ ಹೆಸರಾದರೆ ಅವರ ಒಪ್ಪಿಗೆ ಬೇಕು. ನಮ್ಮ ವೃತ್ತ, ಬಡಾವಣೆಗಳ ಹೆಸರಿಗೂ ಇಂಥ ನಿಯಮವಿದ್ದರೆ ಎಷ್ಟು ಬೋರ್ಡು ಉಳಿಯುತ್ತಿದ್ದವೋ! ಊರಿನ ಹೆಸರಿಗೆ ಈ ತಂಟೆಯಿಲ್ಲ. ಸೀಸ-ಟೆಲ್ಯೂರಿಯಂ ಎರಡೇ ಸೇರಿದ ಆಲ್ಟೈಟ್ ಆಲ್ಟಾಯ್ ಬೆಟ್ಟಗಳ ಹೆಸರು ಹೊತ್ತಿದೆ. ಅದಕ್ಕೆ ಕ್ಲೋರಿನ್ ಕೂಡಿಕೊಂಡರೆ ಕೋಲಾರ.

ಗಣಿ 2001ರಲ್ಲಿ ಮುಚ್ಚಿತು, ಆಳದ ಸುರಂಗಗಳಲ್ಲಿ ನೀರು ತುಂಬಿತು. ಕೋಲಾರದ್ದೇ ಇನ್ನೊಂದು ಕಣ ಬೇಕೆಂದರೆ ಸಂಗ್ರಹಗಳಲ್ಲಿರುವ ಹಳೆಯ ಅದಿರಿನ ಚೂರುಗಳನ್ನೇ ಮತ್ತೆ ಉಜ್ಜಿ ನೋಡಬೇಕು, ಅಂಟಿನ ಬಗ್ಗೆ ಹುಷಾರಾಗಿ.