ಚೀಟಿಯ ಹಿಂಬದಿ

ದಾವಣಗೆರೆ ಸೀಮೆಯ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿ ಕೆಲಸಕ್ಕೆ ಸೇರಿದಾಗ ದಿನಕ್ಕೆ ಮೂವತ್ತೈದು, ನಲವತ್ತು ಜನ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಮೂಳೆ ಡಾಕ್ಟರ ಚೀಟಿ: "ಐಎಫ್‌ಟಿ, ಟ್ರ್ಯಾಕ್ಷನ್, 10 ದಿನ." ಜನರ ಬಾಯಲ್ಲಿ ಅದು ಕರೆಂಟ್ ಕೊಡಿಸೋದು, ಸೊಂಟ ಎಳೆಸೋದು. ಚೀಟಿ ಓದಿ, ಪ್ಯಾಡ್ ಅಂಟಿಸಿ, ಟೈಮರ್ ಇಟ್ಟು, ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಕೆಲಸ ಕಲಿಯುತ್ತಿದ್ದೇನೆ ಅಂತಲೇ ನಂಬಿದ್ದೆ.

ಅಡಿಕೆ ಮಂಡಿಯ ಹಮಾಲರೊಬ್ಬರು ಹಾಗೇ ಬರುತ್ತಿದ್ದರು. ಏಳನೇ ದಿನ ಎಲ್ಲ ಮುಗಿಸಿ ಚಪ್ಪಲಿ ಮೆಟ್ಟುವಾಗ ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಅಂದರು: "ಸಾರ್, ನಿನ್ನೆಯಿಂದ ಒಂದಕ್ಕೆ ಹೋದದ್ದೇ ಗೊತ್ತಾಗವಲ್ದು. ಕೂರೋ ಜಾಗ ಜೋಮು ಹಿಡಿದಂಗೈತಿ." ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಅವತ್ತೇ ಕಳಿಸಿದೆವು, ರಾತ್ರಿ ಆಪರೇಷನ್ನೂ ಆಯಿತು. ಕಾಲಿನ ಬಲ ಉಳಿಯಿತು. ಮೂತ್ರದ ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಅವರು ಬಂದು ಮಂಚ ಹತ್ತುವ ಮೊದಲು ನಾನೊಂದು ಪ್ರಶ್ನೆ ಕೇಳಬೇಕಿತ್ತು. ಏಳು ದಿನದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಚೀಟಿಯಲ್ಲಿ ಪ್ರಶ್ನೆ ಕೇಳಿ ಅಂತ ಬರೆದಿರಲಿಲ್ಲವಲ್ಲ.

ಈಗ ಹನ್ನೆರಡು ವರ್ಷದಿಂದ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದೇನೆ. ಕೈಯಿಂದ ಕೀಲು ಆಡಿಸಿ ನೋವು ಇಳಿಸುವ ಚಿಕಿತ್ಸೆಗೆ ಈ ಊರು ಒಂದು ತವರುಮನೆ. ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್ಲೆಂಡ್ ಇಲ್ಲಿಯವರು. 1960ರ ದಶಕದಲ್ಲಿ ಅವರು ರೂಪಿಸಿದ ಕ್ರಮವನ್ನು ಊರಿನ ಕಾಲೇಜಿನಲ್ಲಿ ನಾನೂ ಓದಿದ್ದೆ. ಒಂದರಿಂದ ನಾಲ್ಕರ ತನಕ ಗ್ರೇಡ್‌ಗಳು: ಒಂದು, ಎರಡು ಅಂದರೆ ಕೀಲು ಬಿಗಿ ಕೊಡುವ ಮೊದಲೇ ನಿಲ್ಲುವ ಹಗುರ ಆಡಿಕೆ, ನೋವಿಗೆ; ಮೂರು, ನಾಲ್ಕು ಬಿಗಿಯೊಳಗೆ ಹೋಗುವಂಥವು, ಪೆಡಸಿಗೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಅದರ ಬೇರು ಬೆರಳಲ್ಲಿಲ್ಲ, ತಲೆಯಲ್ಲಿದೆ ಅನ್ನುವುದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ತಿಳಿದ ದಿನ ನೆನಪಿದೆ. ನನ್ನ ಎದುರು ಬೋರಲಾಗಿ ಮಲಗಿದ್ದವರು ಒಬ್ಬ ಬಸ್ ಡ್ರೈವರ್, ಸೊಂಟ ನೋವು. ಮೂಲೆಯ ಸ್ಟೂಲಿನಲ್ಲಿ ನನ್ನ ಹಿರಿಯ ಸಹೋದ್ಯೋಗಿ ಕೂತು ನೋಡುತ್ತಿದ್ದರು. ಸೊಂಟದ ಬೆನ್ನುಮೂಳೆಯ ಕೊನೆಯ ಗಂಟಿನ ಮೇಲೆ ಹೆಬ್ಬೆರಳಿಟ್ಟು ಇನ್ನೇನು ಒತ್ತಬೇಕು, ಅವರು ಕೈ ಎತ್ತಿ ತಡೆದರು. "ಒತ್ತಿದ ಮೇಲೆ ಏನು ಬದಲಾಗುತ್ತೆ ಅಂತ ಅಂದುಕೊಂಡಿದ್ದೀರಿ?" ನನ್ನಲ್ಲಿ ಉತ್ತರ ಇರಲಿಲ್ಲ. "ಇವರಿಗೆ ನೋವು ಏರಿದರೆ ಇಳಿಯೋಕೆ ಎಷ್ಟು ಹೊತ್ತು ಬೇಕು, ಕೇಳಿದ್ರಾ?" ಕೇಳಿದೆ. ಇಪ್ಪತ್ತು ನಿಮಿಷ ಕೂತರೆ ಏರುತ್ತೆ, ಇಳಿಯೋಕೆ ಮೂರು ಗಂಟೆ. ಇಷ್ಟು ಬೇಗ ಕೆರಳಿ ಇಷ್ಟು ನಿಧಾನ ತಣಿಯುವ ಬೆನ್ನಿಗೆ ನಾನು ಮೂರನೇ ಗ್ರೇಡಿನಲ್ಲಿ ಒತ್ತಲು ಹೊರಟಿದ್ದೆ. ಒತ್ತಿದ್ದರೆ ಆ ರಾತ್ರಿಯಿಡೀ ಅವರು ನಿದ್ದೆಗೆಡುತ್ತಿದ್ದರು.

ಎಬ್ಬಿಸಿ ನಿಲ್ಲಿಸಿ ಬಗ್ಗಿಸಿದೆವು. ಬೆರಳ ತುದಿ ಮೊಣಕಾಲ ಚಿಪ್ಪಿಗೆ ಬಂದಾಗ ನೋವು. ಹಾಳೆಯಲ್ಲಿ ಅದರ ಪಕ್ಕ ಒಂದು ನಕ್ಷತ್ರದ ಗುರುತು ಹಾಕಿದೆ. ಇದು ಮೇಟ್ಲೆಂಡ್ ಕಲಿಸಿದ್ದು: ಯಾವ ಚಲನೆಯಿಂದ ರೋಗಿಯ ನೋವೇ ಎದ್ದು ಬರುತ್ತದೋ ಅದಕ್ಕೆ ನಕ್ಷತ್ರ, ಕೈಯಿಟ್ಟ ಪ್ರತಿ ಸಲವೂ ಮತ್ತೆ ಅದನ್ನೇ ನೋಡು. ಒಂದನೇ ಗ್ರೇಡಿನಲ್ಲಿ, ಒತ್ತಿದೆನೋ ಇಲ್ಲವೋ ಅನ್ನುವಷ್ಟು ಹಗುರವಾಗಿ, ಅರ್ಧ ನಿಮಿಷ ಆಡಿಸಿದೆ. ಮತ್ತೆ ಬಗ್ಗಿದರು. ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಹೋಯಿತು. ಅವರು ನಕ್ಕರು, ನಾನೂ ನಕ್ಕೆ. ಹಿರಿಯರು ಮಾತ್ರ, "ಇಳಿಯದಿದ್ದರೆ ನಿಮ್ಮ ಎರಡನೇ ಊಹೆ ಯಾವುದಿತ್ತು?" ಅಂತ ಕೇಳಿದರು.

ಈ ಪ್ರಶ್ನೆಯನ್ನು ನಮ್ಮ ಕಡೆ ನನಗೆ ಯಾರೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆದವರನ್ನು ಅನುಭವಿ ಅನ್ನುತ್ತೇವೆ. ಊಹೆಯನ್ನು ಮೊದಲೇ ಬರೆದಿಡದಿದ್ದರೆ ಅದು ತಪ್ಪಾದದ್ದೂ ತಿಳಿಯುವುದಿಲ್ಲ. ವಾಸಿಯಾದವರು ನಮ್ಮಿಂದ ಆದರು, ಆಗದವರು ಮತ್ತೆ ಬರಲಿಲ್ಲ, ಅಷ್ಟೇ. ಹೀಗೆ ಕಳೆದ ಇಪ್ಪತ್ತು ವರ್ಷ ನನ್ನ ಲೆಕ್ಕದಲ್ಲಿ ಒಂದೇ ವರ್ಷದ ಕೆಲಸ.

ಆಸ್ಟ್ರೇಲಿಯಾದವರು ಹುಟ್ಟಾ ಜಾಣರೇನಲ್ಲ. ಇಲ್ಲಿ 1976ರಿಂದ ವೈದ್ಯರ ಚೀಟಿಯಿಲ್ಲದೆ ರೋಗಿ ನೇರವಾಗಿ ಫಿಸಿಯೋ ಹತ್ತಿರ ಬರಬಹುದು. ಚೀಟಿ ಇಲ್ಲ ಅಂದಮೇಲೆ ಈ ಬೆನ್ನು ನನ್ನ ಕೈಗೆ ತಕ್ಕದ್ದೋ, ಆಸ್ಪತ್ರೆಗೆ ಓಡಿಸಬೇಕಾದದ್ದೋ ಅಂತ ತೀರ್ಮಾನಿಸುವ ಹೊಣೆ ಫಿಸಿಯೋ ತಲೆಯ ಮೇಲೆ. ಹೊಣೆ ಬಿದ್ದಲ್ಲಿ ಯೋಚನೆ ಹುಟ್ಟುತ್ತದೆ. ನೋಂದಣಿ ಉಳಿಸಿಕೊಳ್ಳಲು ವರ್ಷಕ್ಕೆ 20 ಗಂಟೆ ಕಲಿಕೆ ಕಡ್ಡಾಯ, ಕಲಿತದ್ದರಿಂದ ಏನು ಬದಲಾಯಿತು ಅಂತಲೂ ಬರೆದಿಡಬೇಕು. ಅದರಿಂದಲೇ ಬೆಳೆಯುತ್ತೇವೆ ಅಂತ ನಾನು ಹೇಳಲಾರೆ. ಗಂಟೆ ತುಂಬಿಸಲು ಮಾತ್ರ ಉಪನ್ಯಾಸ ಕೇಳುವವರು ಇಲ್ಲೂ ಇದ್ದಾರೆ. ನನ್ನನ್ನು ಬೆಳೆಸಿದ್ದು ಆ ಸ್ಟೂಲು, ಅದರ ಮೇಲೆ ಕೂತವರು.

ಭಾರತದಲ್ಲೂ 2021ರ ಕಾಯ್ದೆಯಿಂದ ಫಿಸಿಯೋಥೆರಪಿ ಒಂದು ರಾಷ್ಟ್ರೀಯ ಆಯೋಗದ ಕೆಳಗೆ ಬಂದಿದೆ. ಬರಲೇಬೇಕಿತ್ತು. ಆದರೆ ಮಂಚದ ಪಕ್ಕದ ಸ್ಟೂಲನ್ನು ಕಾಯ್ದೆ ತಂದು ಹಾಕುವುದಿಲ್ಲ.

ನಮ್ಮ ಹುಡುಗ ಹುಡುಗಿಯರ ಬೆರಳಿಗೆ ಇರುವ ಪಳಗು ಇಲ್ಲಿನ ಹೊಸಬರಿಗೆ ಇಲ್ಲ. ಇಲ್ಲಿ ಹೊಸ ರೋಗಿಗೆ ನನಗೆ ನಲವತ್ತು ನಿಮಿಷ ಸಿಗುತ್ತದೆ, ದಿನಕ್ಕೆ ಹನ್ನೆರಡು ಜನ. ಊರಿನಲ್ಲಿ ಒಂದು ವಾರಕ್ಕೆ ಮುಟ್ಟುವ ಬೆನ್ನುಗಳನ್ನು ಇಲ್ಲಿ ಮುಟ್ಟಲು ಮೂರು ವಾರ ಬೇಕು. ನಮ್ಮ ರೋಗಿ ಒಬ್ಬಂಟಿಯಾಗಿ ಬರುವುದೂ ಕಡಿಮೆ. ಜೊತೆಗೆ ಬಂದ ಸೊಸೆ, "ಅತ್ತೆ ನೆಲ ಒರೆಸುವಾಗ ಎಡಗೈ ಊರಲ್ಲ" ಅಂತ ತಾನಾಗಿ ಹೇಳುತ್ತಾಳೆ. ಇಲ್ಲಿ ಅಂಥ ಒಂದು ಮಾತು ಹೊರಡಿಸಲು ಹತ್ತು ಪ್ರಶ್ನೆ ಕೇಳಬೇಕು.

ನಮ್ಮವರಿಗೆ ತೊಡಕಾಗಿರುವುದು ಎಂಆರ್‌ಐ ಕವರ್. "ಡಿಸ್ಕ್ ಜರುಗಿದೆಯಂತೆ" ಅಂತ ಅದನ್ನು ಎದೆಗವಚಿ ತರುತ್ತಾರೆ, ನಾವೂ ಮೊದಲು ಅದನ್ನೇ ಬಿಚ್ಚುತ್ತೇವೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದಾಗ ಇಪ್ಪತ್ತರ ಪ್ರಾಯದವರಲ್ಲೇ ಶೇ. 30 ಮಂದಿಗೆ, ಎಂಬತ್ತರವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಮೇಟ್ಲೆಂಡ್ ಒಂದು ಇಟ್ಟಿಗೆ ಗೋಡೆಯ ಚಿತ್ರ ಕೊಡುತ್ತಿದ್ದರು: ಈಚೆ ಪುಸ್ತಕ, ರೋಗದ ಹೆಸರು, ಆಚೆ ರೋಗಿಯ ಮೈ ಹೇಳುವುದು. ಗೋಡೆಯಲ್ಲಿ ಕಿಂಡಿಗಳಿರಲಿ, ಆದರೆ ಎರಡೂ ಕೂಡಿಬರದಿದ್ದರೆ ರೋಗಿಯ ಕಡೆಯನ್ನೇ ನಂಬು.

ಎರಡು ವರ್ಷದಿಂದ ಊರಿನ ಕಡೆಯ ಐದು ಜನ ಕಿರಿಯರ ಜೊತೆ ಭಾನುವಾರ ವಿಡಿಯೋ ಕಾಲಿನಲ್ಲಿ ಕೂರುತ್ತೇನೆ. ನಲವತ್ತು ರೋಗಿಗಳ ನಡುವೆ ಎಲ್ಲರ ಬಗ್ಗೆ ಯೋಚಿಸಿ ಅಂದರೆ ಅನ್ಯಾಯ. ದಿನಕ್ಕೆ ಒಬ್ಬರನ್ನು ಆರಿಸಿಕೊಳ್ಳಿ, ಕೈಯಿಡುವ ಮೊದಲು ಚೀಟಿಯ ಹಿಂಬದಿಯಲ್ಲಿ ನಿಮ್ಮ ಊಹೆ ಬರೆಯಿರಿ ಅಂತಷ್ಟೇ ಕೇಳಿದ್ದೇನೆ. ಹೋದ ತಿಂಗಳು ಒಬ್ಬ ಹುಡುಗಿ ಫೋಟೋ ಕಳಿಸಿದ್ದಳು. ಮುಂಬದಿಯಲ್ಲಿ ಅದೇ "10 ದಿನ". ಹಿಂಬದಿಯಲ್ಲಿ ನೀಲಿ ಇಂಕಿನಲ್ಲಿ: "ಊಹೆ, ಸೊಂಟದ ಕೆಳಗಿನ ಗಂಟು. ಮೂರನೇ ದಿನಕ್ಕೆ ಬಗ್ಗಿದಾಗ ಬೆರಳು ಮೊಣಕಾಲು ದಾಟಬೇಕು." ಪಕ್ಕದಲ್ಲಿ ನಕ್ಷತ್ರ. ಅದರ ಕೆಳಗೆ ಕೆಂಪು ಇಂಕಿನಲ್ಲಿ: "ದಾಟಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂರೋಕೆ ಆಗಲ್ಲ ಅಂತ ಇವತ್ತು ಹೇಳಿದ್ರು. ತೊಡೆ ಒಳಕ್ಕೆ ತಿರುಗ್ತಿಲ್ಲ. ಸೊಂಟ ಅಲ್ಲ ಸಾರ್, ಹಿಪ್ ಜಾಯಿಂಟು."