ಗುಣಮಟ್ಟ ಬಂದಿದೆ, ಸಹಿ ಹಾಕಿ ಪಡೆದುಕೊಳ್ಳಿ

ಹಿಂದುಳಿದ ಪ್ರಾಥಮಿಕ ಶಾಲೆಗಳ ಗುಣಮಟ್ಟವನ್ನು ಈ ವರ್ಷವೂ ಹೆಚ್ಚಿಸಲಾಗುವುದೆಂಬ ಸುದ್ದಿಯನ್ನು ತಾವೆಲ್ಲರೂ ಓದಿಯೇ ಇದ್ದೀರಿ. ಕೇರಳಕ್ಕೆ ಸೇರಿದ ನಮ್ಮ ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದಕ್ಕೆ ಆ ಗುಣಮಟ್ಟವು ಹನ್ನೊಂದು ಪುಟಗಳ ಸುತ್ತೋಲೆಯ ರೂಪದಲ್ಲಿ ಬಂದು ತಲುಪಿದ್ದು, ಅದು ಎಂದಿನಂತೆ ಅಚ್ಚ ಮಲೆಯಾಳದಲ್ಲಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿಯು ಮಕ್ಕಳಿಗೆ ಸಂಬಂಧಪಟ್ಟದ್ದೇ ಹೊರತು ಮುಖ್ಯೋಪಾಧ್ಯಾಯರಿಗಲ್ಲವಾದ ಕಾರಣ, ಇದರಲ್ಲಿ ತಪ್ಪು ಹುಡುಕುವುದು ಸಣ್ಣತನವಾದೀತು. ಮುಖ್ಯೋಪಾಧ್ಯಾಯರು ಎರಡು ಸಂಜೆ ಕುಳಿತು ಅದನ್ನು ಕನ್ನಡಕ್ಕಿಳಿಸಿ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಓದಿ ಹೇಳಿದರು. ಸಭೆಗೆ ಬಂದಿದ್ದ ತಾಯಂದಿರು ಬೀಡಿ ಕಟ್ಟುವ ಸೂಪನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡೇ ಗುಣಮಟ್ಟವನ್ನು ಆಲಿಸಿದರು.

ಗುಣಮಟ್ಟವನ್ನು ಅಳೆಯುವ ವಿದ್ಯೆಯಲ್ಲಿ ನಮ್ಮ ಇಲಾಖೆಯನ್ನು ಮೀರಿಸುವವರಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ನಡೆಯುವ ತಲೆ ಎಣಿಕೆಯ ಮಹಿಮೆಯನ್ನು ಬಲ್ಲವರೇ ಬಲ್ಲರು. ಅಧ್ಯಾಪಕರ ಹುದ್ದೆ ಉಳಿಯುವುದೂ ಅಳಿಯುವುದೂ ಆ ಒಂದು ದಿನದ ಲೆಕ್ಕದ ಮೇಲೆ. ಹಾಗಾಗಿ ಅಂದು ಜ್ವರ ಬಂದ ಮಗುವಿಗೂ ಮನೆಯಲ್ಲಿ ಮಲಗುವ ಹಕ್ಕಿಲ್ಲ. ಅಜ್ಜನ ಮನೆಗೆ ಹೋದ ಮಗುವನ್ನು ಅಧ್ಯಾಪಕರೇ ಜೀಪು ಮಾಡಿ ಕರೆತರುತ್ತಾರೆ. ಸುರಿಯುವ ಮಳೆಯಲ್ಲಿ ತೋಡು ದಾಟಲಾಗದ ಮಗುವನ್ನು ಹೆಗಲ ಮೇಲೆ ಕೂರಿಸಿ ದಾಟಿಸುತ್ತಾರೆ. ಅಂದು ಮಗು ಹಾಜರಿದ್ದರೆ ಸಾಕು, ಅದಕ್ಕೆ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಏಳನೆಯ ದಿನ ಅದೇ ಮಗು ಬರದೇ ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಅಂದ ಹಾಗೆ, ಈ ಶಾಲೆಗೆ ಲ್ಯಾಪ್‌ಟಾಪೂ ಬಂದಿದೆ, ಪ್ರೊಜೆಕ್ಟರೂ ಬಂದಿದೆ. ಸಾರ್ವಜನಿಕ ಶಿಕ್ಷಣವು ಸಂಪೂರ್ಣ ಡಿಜಿಟಲ್ ಆಯಿತೆಂದು 2020ರ ಅಕ್ಟೋಬರಿನಲ್ಲೇ ಸರಕಾರ ಘೋಷಿಸಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಹಂಚಿನ ಮಾಡು ಸೋರುವ ಕಾರಣ ಪ್ರೊಜೆಕ್ಟರನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಕಬ್ಬಿಣದ ಕಪಾಟಿನ ಮೇಲಿನ ಅಂತಸ್ತಿನಲ್ಲಿ, ಹಾಜರಿ ಪುಸ್ತಕಗಳಿಗಿಂತ ಎತ್ತರದಲ್ಲಿ ಇರಿಸಲಾಗಿದೆ. ತನಿಖೆಗೆ ಬಂದವರು ಹೊದಿಕೆ ಸರಿಸಿ, ಹಿಂಬದಿಯ ಸಂಖ್ಯೆಯನ್ನು ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿ, ಮತ್ತೆ ಹೊದಿಸಿ ಹೋಗುತ್ತಾರೆ. ಶಾಲೆಯಲ್ಲಿ ಅಷ್ಟು ಬೆಚ್ಚಗಿರುವ ವಸ್ತು ಬೇರೊಂದಿಲ್ಲ.

ಇನ್ನು ಮುಖ್ಯೋಪಾಧ್ಯಾಯರ ಕರ್ತವ್ಯಗಳ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪ್ರಾಥಮಿಕ ಶಾಲೆಗೆ ಪ್ರತ್ಯೇಕ ಮುಖ್ಯೋಪಾಧ್ಯಾಯರು ಬೇಕಾಗುವುದು ಮಕ್ಕಳ ಸಂಖ್ಯೆ 150 ದಾಟಿದಾಗ. ನಮ್ಮ ಶಾಲೆ ಅದರ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ನಾಲ್ಕನೆಯ ತರಗತಿಯ ಪಾಠವೂ ಅವರದೇ. ಅದರ ಜೊತೆಗೆ ಮಧ್ಯಾಹ್ನದ ಊಟದ ತರಕಾರಿ, ತೆಂಗಿನಕಾಯಿ, ಹಾಲು, ಮೊಟ್ಟೆ. ಊಟದ ಹಣ ಸರಕಾರದಿಂದ ಬರುವವರೆಗೆ ಮುಖ್ಯೋಪಾಧ್ಯಾಯರು ಕೈಯಿಂದ ಹಾಕಬೇಕಾಗಿ ಬಂದು, ಆ ಸಂಗತಿ ಹೈಕೋರ್ಟಿನವರೆಗೆ ಹೋದದ್ದು ಎಲ್ಲರಿಗೂ ತಿಳಿದದ್ದೇ. ಅಂಗಡಿಯವರು ಹಿಂದಿನ ತಿಂಗಳ ಬಾಕಿಯನ್ನು ನೆನಪಿಸುವಾಗ ಇವರು ಮೊಟ್ಟೆಯ ತಟ್ಟೆಗಳನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು, ಎರಡು ಮೊಣಕಾಲುಗಳ ನಡುವೆ ಹಿಡಿದುಕೊಂಡು, ಶಾಲೆಯ ಏರುದಾರಿಯನ್ನು ಹತ್ತುತ್ತಾರೆ. ಅಷ್ಟು ಹೊತ್ತು ನಾಲ್ಕನೆಯ ತರಗತಿಯ ಮಕ್ಕಳು ಭಾಗಾಕಾರವನ್ನು ತಾವೇ ಕಲಿತುಕೊಳ್ಳುತ್ತಾರೆ. ಇದಕ್ಕೆ ಸ್ವಯಂ ಕಲಿಕೆ ಎನ್ನುತ್ತಾರೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.

ಮೂರನೆಯ ತರಗತಿಯ ಹುದ್ದೆ ಖಾಲಿ. ಕನ್ನಡ ಬಲ್ಲವರು ದಿನವೇತನಕ್ಕೆ ಸಿಗದಿದ್ದರೆ ಮಲೆಯಾಳ ಮಾತ್ರ ಬಲ್ಲವರಾದರೂ ಆದೀತು ಎಂಬ ಔದಾರ್ಯ ನಮ್ಮಲ್ಲಿ ಹೊಸತಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಹೈಸ್ಕೂಲುಗಳಿಗೆ ಕಳುಹಿಸಿ, ಮಕ್ಕಳು ತರಗತಿ ಬಿಟ್ಟು ಅಂಗಳದಲ್ಲಿ ಕುಳಿತದ್ದನ್ನೂ, ಹೆತ್ತವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನೂ ನಾವು ಕಂಡಿದ್ದೇವೆ. ಹೈಸ್ಕೂಲಿನ ಮಕ್ಕಳಿಗೆ ಅಂಗಳದಲ್ಲಿ ಕುಳಿತು ಘೋಷಣೆ ಕೂಗಲು ಗೊತ್ತಿದೆ. ಎಂಟು ವರ್ಷದ ಮಗುವಿಗೆ ಅದೂ ಗೊತ್ತಿಲ್ಲ. ಅದು ತಲೆಯಾಡಿಸುತ್ತದೆ, ಮತ್ತು ತಲೆಯಾಡಿಸಿದ್ದನ್ನು ಅರ್ಥವಾಯಿತೆಂದು ದಾಖಲಿಸಲಾಗುತ್ತದೆ. ಮೂರನೆಯ ತರಗತಿಯಲ್ಲಿ ಹೀಗೆ ತಪ್ಪಿದ ಒಂದು ವರ್ಷವನ್ನು ಯಾವ ಕಾರ್ಯಾಗಾರವೂ ಆ ಮಗುವಿಗೆ ತಂದುಕೊಡುವುದಿಲ್ಲ, ಮತ್ತು ಇದು ಸುತ್ತೋಲೆ ಬರೆದವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಬರೆಯುತ್ತಾರೆ. ಹೇಳಿ ಹೇಳಿ ನಮಗೂ ಸಾಕಾಗಿದೆ.

ಸುತ್ತೋಲೆಯ ಕೊನೆಗೊಂದು ನಮೂನೆ ಇದೆ. ಕಲಿಕೆಯ ಹಿನ್ನಡೆಗೆ ಕಾರಣವೇನೆಂದು ಅಲ್ಲಿ ಗುರುತು ಹಾಕಬೇಕು. ಮನೆಯ ವಾತಾವರಣ, ಹೆತ್ತವರ ಅನಾಸಕ್ತಿ, ಮಗುವಿನ ಗೈರುಹಾಜರಿ, ಮೊಬೈಲು ಎಂದು ನಾಲ್ಕು ಕಾರಣಗಳನ್ನು ಇಲಾಖೆಯೇ ಮುದ್ರಿಸಿ ಕೊಟ್ಟಿದೆ. ಮುಖ್ಯೋಪಾಧ್ಯಾಯರು ನಾಲ್ಕನ್ನೂ ಬಿಟ್ಟು, ಅಂಚಿನಲ್ಲಿ ‘ಅಧ್ಯಾಪಕರಿಲ್ಲ’ ಎಂದು ಬರೆದು ಕಳುಹಿಸಿದರು. ನಮೂನೆ ಅಪೂರ್ಣವಾಗಿದೆಯೆಂಬ ಷರಾದೊಂದಿಗೆ ಅದು ಮರಳಿ ಬಂದಿದ್ದು, ಸರಿಯಾಗಿ ತುಂಬುವುದು ಹೇಗೆಂದು ಕಲಿಸಲು ಮುಂದಿನ ಬುಧವಾರ ಅವರನ್ನು ಇಡೀ ದಿನದ ತರಬೇತಿಗೆ ಕರೆಯಲಾಗಿದೆ.