ಇದನ್ನ ಇಲ್ಲಿಗೆ ತಂದು, ಅದನ್ನ ಅಲ್ಲಿಗೆ ಕಳಿಸಿದ್ರೆ...

ನಾಡಿದ್ದು ಪರೀಕ್ಷೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ರಿಯಲ್ ಅನಾಲಿಸಿಸ್ ಅನ್ನುವ ಗಣಿತದ ನೋಟ್ಸ್ ತೆರೆದೆ. ಹದಿನಾಲ್ಕನೇ ಪುಟದಲ್ಲಿ ದೊಡ್ಡದೊಂದು ಚೌಕ. ಅದರ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಬಹಳ ಮುಖ್ಯ!!’ ಅಂತ, ಕೆಳಗೆ ಎರಡು ಗೆರೆ ಬೇರೆ. ಚೌಕದೊಳಗೆ ಏನೂ ಇಲ್ಲ. ನಾನು ಕೆಂಪು ಪೆನ್ನು ಹುಡುಕುವಷ್ಟರಲ್ಲಿ ಸರ್ ಬೋರ್ಡ್ ಒರೆಸಿರಬೇಕು. ಗೆಳೆಯನಿಗೆ ಫೋನ್ ಮಾಡಿದೆ. ಅವನ ಹತ್ತಿರವೂ ಅದೇ ಚೌಕ, ಅಷ್ಟೇ ಖಾಲಿ. ನನ್ನದನ್ನೇ ನೋಡಿ ಬರೆದುಕೊಂಡಿದ್ದನಂತೆ. ಅವನದು ಸ್ಕೇಲ್ ಇಟ್ಟು ಎಳೆದದ್ದು, ಅಷ್ಟೇ ವ್ಯತ್ಯಾಸ.

ಸರ್ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಡಸ್ಟರ್. ಒಂದು ಕೈ ಬರೆದದ್ದನ್ನು ಇನ್ನೊಂದು ಅಟ್ಟಿಸಿಕೊಂಡು ಬರುತ್ತದೆ. ನಡುವೆ ಉಳಿಯುವ ಗೇಣುದ್ದದ ಗಣಿತವೇ ನಮ್ಮ ಪಾಲು. ‘ಗೊತ್ತಾಯ್ತಲ್ಲ?’ ಅಂತ ಕೇಳುವುದೂ ಬೋರ್ಡನ್ನೇ. ಅದು ಇವತ್ತಿನವರೆಗೂ ‘ಇಲ್ಲ’ ಅಂದಿಲ್ಲ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮಾಯ. ಇದಕ್ಕಾಗಿ ಅರ್ಥವೇ ಇಲ್ಲದ ಸಾವಿರಾರು ಅಕ್ಷರಗುಚ್ಛಗಳನ್ನು ಕೂತು ತಯಾರಿಸಿದ್ದ. ನನ್ನ ನೋಟ್ಸ್ ಸಿಕ್ಕಿದ್ದರೆ ಆ ಶ್ರಮ ಉಳಿಯುತ್ತಿತ್ತು.

ಆದರೆ ನಾನು ಬುದ್ಧಿವಂತ. ಅವತ್ತು ಕ್ಲಾಸನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಸರ್ ಧ್ವನಿ ಸ್ವಚ್ಛವಾಗಿ ಕೇಳಿಸಿತು: ‘ಈಗ ಇದನ್ನ ಇಲ್ಲಿಗೆ ತಂದು, ಅದನ್ನ ಅಲ್ಲಿಗೆ ಕಳಿಸಿದ್ರೆ, ಇದು ಇದಕ್ಕಿಂತ ಚಿಕ್ಕದು. ಹೌದಲ್ಲ? ಆದ್ದರಿಂದ ಇದು!’ ಟಕ್ ಟಕ್ ಅಂತ ಸೀಮೆಸುಣ್ಣದ ಸದ್ದು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಇದು, ಇದಕ್ಕಿಂತ ಚಿಕ್ಕದು. ಮೂರನೇ ಸಲ ಕಣ್ಣು ಮುಚ್ಚಿ ಕೇಳಿದೆ. ಯಾರೋ ಪಕ್ಕದ ಮನೆಯಲ್ಲಿ ಬೀರು ಸರಿಸುತ್ತಾ ಆಳುಗಳಿಗೆ ದಾರಿ ಹೇಳುತ್ತಿದ್ದ ಹಾಗಿತ್ತು. ನಲವತ್ತು ನಿಮಿಷದಲ್ಲಿ ನನಗೆ ಖಚಿತವಾಗಿ ಸಿಕ್ಕ ಸಂಗತಿ ಒಂದೇ: ಹನ್ನೆರಡನೇ ನಿಮಿಷದಲ್ಲಿ ಆಕಳಿಸಿದ್ದು ನಾನೇ.

ಕೊನೆಯಲ್ಲಿ ಮುಂದಿನ ಬೆಂಚಿನಿಂದ ಒಂದು ಸಣ್ಣ ದನಿ: ‘ಸರ್, ಎಪ್ಸಿಲಾನ್ ಮೊದಲಾ, ಡೆಲ್ಟಾ ಮೊದಲಾ?’ (ಎಪ್ಸಿಲಾನ್ ಅಂದರೆ ಫಂಕ್ಷನ್ನಿನ ಬೆಲೆ ಎಷ್ಟರೊಳಗೆ ಅಲುಗಾಡಬಹುದು ಅನ್ನುವ ಮಿತಿ; ಡೆಲ್ಟಾ ಅಂದರೆ ಅದಕ್ಕಾಗಿ ಒಂದು ಬಿಂದುವಿಗೆ ಎಷ್ಟು ಹತ್ತಿರ ಇರಬೇಕು ಅನ್ನುವ ದೂರ.) ಸೀಮೆಸುಣ್ಣ ನಿಂತಿತು. ಸರ್ ತಿರುಗಿರಬೇಕು, ಧ್ವನಿ ಹತ್ತಿರ ಬಂತು. ಮೂರು ತಿಂಗಳಿಂದ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವರ ಹಾಗೆ ಮೆತ್ತಗೆ ಹೇಳಿದರು: ‘ಎಪ್ಸಿಲಾನ್ ಬೇರೆಯವರು ಕೊಡ್ತಾರಮ್ಮಾ. ಅವರು ಎಷ್ಟೇ ಚಿಕ್ಕದು ಕೊಡ್ಲಿ, ಅದಕ್ಕೆ ತಕ್ಕ ಡೆಲ್ಟಾ ನೀವು ಹುಡುಕ್ಬೇಕು.’

ನೋಟ್ಸ್ ನೋಡಿದೆ. ನಾನು ಬರೆದಿದ್ದು ತಿರುಗಾಮುರುಗಾ: ಒಂದೇ ಡೆಲ್ಟಾ, ಅದೇ ಎಲ್ಲ ಎಪ್ಸಿಲಾನ್‌ಗೂ ಸಾಕು. ಇದರ ಪ್ರಕಾರ ಜಗತ್ತಿನ, ಎಲ್ಲೂ ತುಂಡಾಗದೆ ಸಾಗುವ ಕಂಟಿನ್ಯೂಯಸ್ ಫಂಕ್ಷನ್‌ಗಳೆಲ್ಲ ಆ ಬಿಂದುವಿನ ಸುತ್ತ ಚಪ್ಪಟೆಯಾಗಿ ಮಲಗಿರಬೇಕು. ಪಾಪ, ಅಲೆಯ ಹಾಗೆ ಏರಿಳಿಯುವ ಸೈನ್ ಕರ್ವ್ ಅಲ್ಲಿ ಅಲುಗಾಡುವ ಹಾಗೂ ಇಲ್ಲ.

ಇಷ್ಟು ಚೆನ್ನಾಗಿ ಹೇಳಬಲ್ಲವರನ್ನು ಅವತ್ತಿನವರೆಗೂ ನಾವ್ಯಾರೂ ಏನೂ ಕೇಳಿರಲಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಯಿತು. ‘ಇಲ್ಲೊಂದು ಬಹಳ ಮುಖ್ಯವಾದ ಮಾತಿದೆ, ಇದನ್ನ ಚೌಕ ಹಾಕಿ ಬರ್ಕೊಳ್ಳಿ’ ಅಂದರು ಸರ್. ಅಬ್ಬಾ, ಚೌಕ! ಪೆನ್ನು ಹಿಡಿದು ಬೆನ್ನು ಸೆಟೆಸಿ ಕೂತೆ.

ಝರ್ರ್ ಅಂತ ಜೋರು ಸದ್ದು, ಆಮೇಲೆ ರೆಕಾರ್ಡಿಂಗ್ ಖತಂ. ಗಂಟೆ ಹೊಡೆಯುವ ಮೊದಲೇ ನಾನು ಬ್ಯಾಗಿನ ಜಿಪ್ ಎಳೆದಿದ್ದೆ.